ನಾಯಿಯ ಮೂಗು, ಊರಿನ ನಾಲಗೆ

ಕಳ್ಳತನವಾದ ಮನೆಗೆ ಪೋಲೀಸು ನಾಯಿ ಬರುತ್ತದೆಯೆಂದರೆ ನಮ್ಮಂಥ ಸಣ್ಣ ಊರುಗಳಲ್ಲಿ ಅದೊಂದು ಜಾತ್ರೆ. ಜಿಲ್ಲಾ ಕೇಂದ್ರದಿಂದ ಶ್ವಾನದಳದ ವ್ಯಾನು ಹೊರಟಿದೆಯಂತೆ ಎಂಬ ಸುದ್ದಿ ವ್ಯಾನಿಗಿಂತ ಮೊದಲೇ ಊರು ಸೇರುತ್ತದೆ. ಕಾಫಿ ಹೋಟೆಲಿನಲ್ಲಿ ಕುಳಿತವರು ಏಳುತ್ತಾರೆ; ಶಾಲೆಯ ಹುಡುಗರು ಕಾಂಪೌಂಡಿನ ಮೇಲೆ ಹತ್ತುತ್ತಾರೆ; ಆ ಬೀದಿಯ ತಾರಸಿಗಳೆಲ್ಲ ತುಂಬುತ್ತವೆ. ಹಿಂದೆ ಬರಿಯ ಕಣ್ಣುಗಳಿದ್ದ ಕಡೆ ಈಗ ಮೊಬೈಲುಗಳೂ ಇವೆ. ವ್ಯಾನಿನ ಬಾಗಿಲು ತೆರೆದು ನಾಯಿ ಇಳಿಯುವುದಕ್ಕೆ ಮೊದಲೇ ಜನ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ: ಈ ಹೊತ್ತು ಯಾವನ ಮನೆಯ ಮುಂದೆ ಈ ನಾಯಿ ನಿಲ್ಲುತ್ತದೆಯೋ ಅವನೇ ಕಳ್ಳ.

ಈ ತೀರ್ಮಾನದ ವಿರುದ್ಧ ನಾಲ್ಕು ಮಾತು ಹೇಳಬೇಕೆಂದು ನಾನು ಇದನ್ನು ಬರೆಯುತ್ತಿದ್ದೇನೆ. ನಾಯಿಯ ಮೇಲೆ ನನ್ನ ದೂರಿಲ್ಲ. ಅದರ ಹಗ್ಗ ಹಿಡಿದು ಓಡುವ ಪೇದೆಯ ಮೇಲೂ ಇಲ್ಲ. ನನ್ನ ದೂರಿರುವುದು ತಾರಸಿಯ ಮೇಲೆ ನಿಂತವರ ಮೇಲೆ, ಅಂದರೆ ನಮ್ಮ ಮೇಲೆ. ಓದು ಬರೆಹ ಬಲ್ಲ, ಬೆಳಗ್ಗೆ ಪತ್ರಿಕೆ ಹಿಡಿದು ದೇಶದ ನ್ಯಾಯಾನ್ಯಾಯಗಳನ್ನು ಚರ್ಚಿಸುವ, ಕಳವಾದಾಗ ಅಂಜನ ಹಾಕಿಸುವವರನ್ನು ಕಂಡು ನಗುವ ನಾವು, ಒಂದು ಮೂಕಪ್ರಾಣಿಯ ಮೂಗಿಗೆ ನ್ಯಾಯಾಧೀಶನ ಪೀಠವನ್ನು ಕಟ್ಟಿಕೊಟ್ಟಿದ್ದೇವೆ.

ಮೊದಲು, ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ಊರಿನ ಹೆಸರು ಬೇಡ. ಜನರ ಹೆಸರೂ ಬೇಡ. ನಾನು ಪಾಠ ಹೇಳುವ ಊರು ಒಂದು ತಾಲ್ಲೂಕು ಕೇಂದ್ರ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಿನಲ್ಲಿ, ನಮ್ಮ ಬೀದಿಯ ನಿವೃತ್ತ ಅಧಿಕಾರಿಯೊಬ್ಬರ ಮನೆಯಲ್ಲಿ ರಾತ್ರಿ ಕಳವಾಯಿತು. ಮನೆಯವರು ಮದುವೆಗೆಂದು ಹಿಂದಿನ ಸಂಜೆ ಪರಸ್ಥಳಕ್ಕೆ ಹೋಗಿದ್ದರು. ಬೀರುವಿನಲ್ಲಿದ್ದ ಎರಡೆಳೆ ಸರವೂ ಒಂದಿಷ್ಟು ನಗದೂ ಹೋಯಿತು. ಬಾಗಿಲು ತೆರೆದಿರುವುದನ್ನು ಬೆಳಗ್ಗೆ ಆರು ಗಂಟೆಗೆ ಹಾಲಿನವನು ಕಂಡ. ನಾಯಿ ಬಂದದ್ದು ಹನ್ನೊಂದೂವರೆಗೆ. ಈ ಐದೂವರೆ ಗಂಟೆಯೊಳಗೆ ಆ ಬೀರುವನ್ನು ನೋಡಿಬಾರದವರು ನಮ್ಮ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ನಾನೂ ನೋಡಿದೆ. ಬೀರುವಿನ ಹಿಡಿಯನ್ನು ಮುಟ್ಟಿ "ಹೀಗೆ ಮೀಟಿರಬೇಕು" ಎಂದು ತೋರಿಸಿಕೊಟ್ಟ ಬುದ್ಧಿವಂತರಲ್ಲಿ ನಾನೂ ಒಬ್ಬ.

ನಾಯಿ ಬೀರುವನ್ನು ಮೂಸಿತು. ಅಡಿಗೆಮನೆಯನ್ನು ಹಾದು ಹಿತ್ತಿಲ ಬಾಗಿಲಿನಿಂದ ಹೊರಬಿತ್ತು, ಓಣಿ ಹಿಡಿಯಿತು, ಬೀದಿಯ ನಲ್ಲಿಯ ಹತ್ತಿರ ಒಂದು ಸುತ್ತು ಹಾಕಿತು, ಊರ ಹಿಂದಣ ಸಣ್ಣ ಮನೆಗಳ ಸಾಲಿಗೆ ಹೋಗಿ ಒಂದು ಹೊಸ್ತಿಲ ಮುಂದೆ ಕುಳಿತುಕೊಂಡಿತು. ಹಿಂದೆ ಓಡಿಬಂದ ಜನ "ಸಿಕ್ಕಿತು" ಎಂದು ಒಟ್ಟಿಗೆ ಉದ್ಗಾರ ತೆಗೆದರು. ಅದು ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಕಸ ಗುಡಿಸುವ ಹೆಂಗಸಿನ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ, ನಮ್ಮ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದಲ್ಲಿ ಓದುತ್ತಿದ್ದ. ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ.

ಮನೆಯನ್ನು ಶೋಧಿಸಿದರು, ಏನೂ ಸಿಕ್ಕಲಿಲ್ಲ. ತಾಯಿಮಗನನ್ನು ಎರಡು ದಿನ ಠಾಣೆಗೆ ಕರೆಸಿ ಕೂರಿಸಿ ಕೇಳಿದರು, ಏನೂ ಹೊರಡಲಿಲ್ಲ. ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಕಾನೂನಿನ ಮಟ್ಟಿಗೆ ಆ ಕಥೆ ಅಲ್ಲಿಗೆ ಮುಗಿಯಿತು. ಊರಿನ ಮಟ್ಟಿಗೆ ಅಲ್ಲಿಂದ ಶುರುವಾಯಿತು. ನಾಲ್ಕು ಮನೆಯವರೂ ಆಕೆಯನ್ನು ಕೆಲಸದಿಂದ ಬಿಡಿಸಿದರು. ಆ ನಾಲ್ಕರಲ್ಲಿ ಒಂದು ನಮ್ಮದು. ಮೂರನೆಯ ದಿನದ ಸಂಜೆ ಆಕೆ ನಮ್ಮ ಪಡಸಾಲೆಯ ಮೆಟ್ಟಿಲ ಹತ್ತಿರ ನಿಂತು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ:

"ನಾಯಿ ನನ್ನ ಮನೆಗೆ ಬರದೆ ಇನ್ನೆಲ್ಲಿಗೆ ಹೋದೀತು, ಮೇಷ್ಟ್ರೇ? ದಿನಾ ಎರಡು ಹೊತ್ತು ಅದೇ ಬೀರು ಒರಸಿ, ಅದೇ ಹಿತ್ತಲ ಬಾಗಿಲಿಂದ, ಅದೇ ಓಣೀಲಿ ನಡಕೊಂಡು ಬರೋಳು ನಾನೇ ಅಲ್ಲವಾ?"

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಪತ್ರಿಕೆ ನೋಡಿದೆ. "ಸದ್ಯಕ್ಕೆ ಬೇಡಮ್ಮ, ಮುಂದೆ ನೋಡೋಣ" ಎಂದು ಹೇಳಿ ಕಳುಹಿಸಿದೆವು. ಹುಡುಗನಿಗೆ ಕಾಲೇಜಿನಲ್ಲಿ "ನಾಯಿ ಹಿಡಿದವನು" ಎಂಬ ಹೆಸರು ಬಿದ್ದಿತು. ಮೂರು ವಾರ ಬಂದ, ಆಮೇಲೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುತ್ತಾ ಹೋದವನು ನಾನೇ.

ಐದು ತಿಂಗಳ ಮೇಲೆ ಬೇರೊಂದು ಜಿಲ್ಲೆಯ ಪೋಲೀಸರು ಇನ್ನಾವುದೋ ಕಳವಿನಲ್ಲಿ ಒಬ್ಬನನ್ನು ಹಿಡಿದರು. ಅವನು ನಮ್ಮ ಊರಿನ ಕಳವನ್ನೂ ಒಪ್ಪಿಕೊಂಡ. ಸರ ಗಿರವಿ ಅಂಗಡಿಯಿಂದ ವಾಪಸು ಬಂತು. ಅಷ್ಟುಹೊತ್ತಿಗೆ ತಾಯಿಮಗ ಬೆಂಗಳೂರಿನ ಕಡೆಗೆ ಕೂಲಿಗೆಂದು ಹೊರಟುಹೋಗಿದ್ದರು. ಕಳೆದದ್ದು ಚಿನ್ನವಾದರೆ ಅದನ್ನು ಹುಡುಕಿಕೊಡುವುದಕ್ಕೆ ವ್ಯಾನು ಬರುತ್ತದೆ. ಕಳೆದುಹೋದ ಮಾನವನ್ನು ಹುಡುಕಿಕೊಡಲು ಯಾರೂ ಬರಲಿಲ್ಲ.

ಇಲ್ಲಿ ನಾಯಿ ತಪ್ಪು ಮಾಡಿತೆ? ನನಗೆ ಹಾಗೆ ತೋರುವುದಿಲ್ಲ. ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 20 ಕೋಟಿಗೂ ಹೆಚ್ಚೆಂದು ತಿಳಿದವರ ಅಂದಾಜು. ನಮ್ಮ ಮೂಗಿನಲ್ಲಿ ಇರುವುದು 50–60 ಲಕ್ಷ. ಮನುಷ್ಯನ ಮೈಯಿಂದ ಸದಾ ಉದುರುತ್ತಿರುವ ಚರ್ಮದ ಸೂಕ್ಷ್ಮ ಕಣಗಳು, ಬೆವರು, ಅವನು ತುಳಿದ ಹುಲ್ಲು ಮಣ್ಣು, ಇವುಗಳ ವಾಸನೆಯ ಎಳೆಯನ್ನು ನಾಯಿ ಹಿಡಿಯುತ್ತದೆ. ನೆಲ ತೇವವಾಗಿದ್ದರೆ, ಹೊತ್ತು ತಂಪಾಗಿದ್ದರೆ, ಆ ಎಳೆ ಹೆಚ್ಚು ಕಾಲ ಉಳಿಯುತ್ತದೆ. ಬಿಸಿಲು ಅದನ್ನು ಒಣಗಿಸುತ್ತದೆ; ಗಾಳಿ ಚದರಿಸುತ್ತದೆ; ನೂರಾರು ಕಾಲುಗಳು ಅದನ್ನು ಕಲಸಿಬಿಡುತ್ತವೆ. ಬೇಸಗೆಯ ನಡುಹಗಲಿನಲ್ಲಿ ಹತ್ತಾರು ಮೈಲಿ ವ್ಯಾನಿನಲ್ಲಿ ಬೆಂದು ಬಂದ ನಾಯಿ ನಾಲಗೆ ಚಾಚಿ ಏದುಸಿರು ಬಿಡುತ್ತಿರುತ್ತದೆ. ಏದುಸಿರು ಬಿಡುವ ನಾಯಿ ಚೆನ್ನಾಗಿ ಮೂಸಲಾರದು. ಮೈ ತಣಿಸಿಕೊಳ್ಳುವುದಕ್ಕೂ ಮೂಸುವುದಕ್ಕೂ ಅದು ಅದೇ ಉಸಿರನ್ನು ಬಳಸಬೇಕು. ಇಷ್ಟಾದರೂ ನಮ್ಮ ಬೀದಿಗೆ ಬಂದ ನಾಯಿ ಒಂದು ನಿಜವಾದ ಎಳೆಯನ್ನೇ ಹಿಡಿಯಿತು. ಅದರ ತುದಿಯನ್ನೇ ಮುಟ್ಟಿತು. 'ಈ ಬೀರುವಿನ ಹತ್ತಿರ ಇದ್ದ ಒಂದು ವಾಸನೆ ಈ ಹೊಸ್ತಿಲಿನಲ್ಲಿಯೂ ಇದೆ.' ಅದು ಹೇಳಿದ್ದು ಇಷ್ಟೆ. ಇದರಲ್ಲಿ ಕಳ್ಳ ಎಂಬ ಪದವೇ ಇಲ್ಲ. ಆ ಪದವನ್ನು ಸೇರಿಸಿದವರು ನಾವು. ಭಾಷೆ ಕಲಿಸುವುದನ್ನೇ ಕಸುಬಾಗಿ ಉಳ್ಳ ನಾನು ಹೇಳುತ್ತೇನೆ: ಮೂಲದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ನಮ್ಮ ಭಾಷಾಂತರದಲ್ಲಿ.

ಶ್ವಾನದಳದಲ್ಲಿ ದುಡಿದು ನಿವೃತ್ತರಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಪರಿಚಯ ನನಗಿದೆ. ಈ ಸಂಗತಿಯನ್ನು ಅವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನಾಯಿ ದಾರಿ ತೋರಿಸುತ್ತೆ ಸಾರ್, ಹೆಸರು ಹೇಳೋದಿಲ್ಲ" ಎಂದರು. ಈ ಮಾತನ್ನು ಪ್ರತಿ ಠಾಣೆಯ ಗೋಡೆಯ ಮೇಲೆ ಬರೆಸಬೇಕು; ಪ್ರತಿ ಪತ್ರಿಕಾಲಯದ ಗೋಡೆಯ ಮೇಲೂ ಬರೆಸಬೇಕು.

ಆ ಹೆಂಗಸು ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಮ್ಮ ಸುಪ್ರೀಂ ಕೋರ್ಟು ಎಂದೋ ವಿಸ್ತಾರವಾಗಿ ಹೇಳಿದೆ. 1969ರಲ್ಲಿ, ಮಹಾರಾಷ್ಟ್ರದಿಂದ ಬಂದ ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ಎಂಬವರ ಮೊಕದ್ದಮೆಯಲ್ಲಿ, ನಾಯಿಯ ಸಾಕ್ಷ್ಯದ ಮೇಲೆ ಸಾಮಾನ್ಯವಾಗಿ ಹೇಳುವ ಮೂರು ಆಕ್ಷೇಪಗಳನ್ನು ನ್ಯಾಯಾಲಯ ಎತ್ತಿ ವಿಚಾರ ಮಾಡಿತು. ನಾಯಿ ಕಟಕಟೆ ಹತ್ತಿ ಪ್ರಮಾಣ ಮಾಡಲಾರದು, ಪಾಟೀಸವಾಲಿಗೆ ಉತ್ತರ ಕೊಡಲಾರದು. ಅದರ ಪರವಾಗಿ ಪೇದೆ ಹೇಳುವುದು ಕೇಳಿ ಹೇಳಿದ ಮಾತಾಗುತ್ತದೆ. ಇದು ಮೊದಲನೆಯದು. ಮನುಷ್ಯನ ಪ್ರಾಣವೂ ಸ್ವಾತಂತ್ರ್ಯವೂ ನಾಯಿಯ ಊಹೆಯನ್ನು ಅವಲಂಬಿಸಬಾರದು ಎಂಬುದು ಎರಡನೆಯದು. ಇಂಥ ಸಾಕ್ಷ್ಯದ ನಾಟಕೀಯತೆಯಿಂದ ಜ್ಯೂರಿಯವರ ಮನಸ್ಸಿನ ಮೇಲೆ ಅದರ ಯೋಗ್ಯತೆಗೆ ಮೀರಿದ ಪರಿಣಾಮ ಆದೀತು ಎಂಬುದು ಮೂರನೆಯದು. ರಾಸಾಯನಿಕ ಪರೀಕ್ಷೆ, ರಕ್ತಪರೀಕ್ಷೆಗಳಂತೆ ಇದನ್ನೂ ಭಾವಿಸಬಹುದಲ್ಲವೆ ಎಂಬ ವಾದವೂ ಬಂತು. ರಾಸಾಯನಿಕಕ್ಕೆ ಸ್ವಂತ ಇಚ್ಛೆಯಿಲ್ಲ, ನಾಯಿಗೆ ಬುದ್ಧಿಯಿದೆ, ಬುದ್ಧಿಯಿರುವಲ್ಲಿ ತಪ್ಪೂ ಭ್ರಮೆಯೂ ಇದ್ದೇ ಇರುತ್ತವೆ ಎಂದು ನ್ಯಾಯಾಲಯ ಉತ್ತರ ಕೊಟ್ಟಿತು, ಇಂಥ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚಿನ ತೂಕವಿಲ್ಲವೆಂದು ತೀರ್ಮಾನಿಸಿತು. 2001ರಲ್ಲಿ ಆಂಧ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ, ತನಿಖೆ ಮಾಡುವವರು ನಾಯಿಯ ನೆರವಿನಿಂದ ಒಂದು ಪ್ರಯತ್ನ ಮಾಡಿ ನೋಡಬಹುದು, ನ್ಯಾಯ ಹೇಳುವವರಿಗೆ ಅಂಥ ಸಲುಗೆಯಿಲ್ಲ ಎಂಬರ್ಥದ ಮಾತನ್ನು ಅದೇ ಕೋರ್ಟು ಹೇಳಿತು. 2008ರಲ್ಲಿ ಅಸ್ಸಾಮಿನ ಮೊಕದ್ದಮೆಯಲ್ಲಿ ಮತ್ತೆ ಅದನ್ನೇ ಹೇಳಿತು: ತನಿಖೆಗೆ ನಾಯಿ ಸರಿ, ಅಪರಾಧದ ರುಜುವಾತಿಗೆ ಸಲ್ಲದು.

ಆ ಮೂರನೆಯ ಆಕ್ಷೇಪವನ್ನು ಓದುಗರು ಇನ್ನೊಮ್ಮೆ ಗಮನಿಸಬೇಕೆಂದು ಬೇಡುತ್ತೇನೆ. ನಮ್ಮ ನ್ಯಾಯಾಲಯಗಳಲ್ಲಿ ಈಗ ಜ್ಯೂರಿಯಿಲ್ಲ. ಆದರೆ ನಮ್ಮ ಬೀದಿಗಳಲ್ಲಿ ಇದೆ. ತಾರಸಿಯ ಮೇಲೆ ನಿಂತಿದ್ದವರೇ ಆ ಜ್ಯೂರಿ. ಅದಕ್ಕೆ ವಕೀಲರಿಲ್ಲ, ವಾಯಿದೆಯಿಲ್ಲ, ಮೇಲ್ಮನವಿಯಿಲ್ಲ. ನಾಯಿ ಕುಳಿತ ಕ್ಷಣದಲ್ಲಿ ತೀರ್ಪು; ಸಂಜೆಯೊಳಗೆ ಶಿಕ್ಷೆ.

ಈಗ ಕೆಲವರು ಕೇಳುತ್ತಾರೆ: ನ್ಯಾಯಾಲಯ ನಾಯಿಯ ಮಾತನ್ನು ನಂಬುವುದಿಲ್ಲವೆಂದು ನೀವೇ ಹೇಳಿದಿರಿ; ಹಾಗಿದ್ದಮೇಲೆ ನಿರಪರಾಧಿಗೆ ಅಪಾಯವೇನು? ಅಪಾಯ ಇಲ್ಲಿದೆ. ಊರಿನಿಂದ ನ್ಯಾಯಾಲಯ ದೂರ. ಕಾಲದಲ್ಲಿ ಇನ್ನೂ ದೂರ. ನಮ್ಮ ಹುಡುಗನ ಮೇಲೆ ಮೊಕದ್ದಮೆ ನಡೆದಿದ್ದರೆ ಒಂದಲ್ಲ ಒಂದು ದಿನ 'ನಿರ್ದೋಷಿ' ಎಂಬ ಒಂದು ಕಾಗದವಾದರೂ ಅವನ ಕೈಗೆ ಬರುತ್ತಿತ್ತು. ಮೊಕದ್ದಮೆಯೇ ಇಲ್ಲದವನಿಗೆ ಬಿಡುಗಡೆಯೂ ಇಲ್ಲ.

ಇನ್ನು, ನಾಯಿಯ ಮೇಲಿನ ಕುರುಡು ನಂಬಿಕೆ ನಮ್ಮ ಅಜ್ಞಾನದ ಫಲ, ಮುಂದುವರಿದ ದೇಶಗಳಲ್ಲಿ ಹೀಗಾಗದು ಎಂದು ಯಾರಾದರೂ ಭಾವಿಸಿದ್ದರೆ ಅದೂ ಸರಿಯಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಜಾನ್ ಪ್ರೆಸ್ಟನ್ ಎಂಬವನು ತನ್ನ ನಾಯಿ ಹಳೆಯ ವಾಸನೆಯನ್ನೂ ಗುರುತಿಸಬಲ್ಲದೆಂದು ಸಾಕ್ಷ್ಯ ಹೇಳುತ್ತಾ ಬಂದ. ವಿಲಿಯಂ ಡಿಲನ್ ಎಂಬವನಿಗೆ 1981ರಲ್ಲಿ ಶಿಕ್ಷೆಯಾದಾಗ ಅವನ ವಿರುದ್ಧ ಇದ್ದ ಸಾಕ್ಷ್ಯಗಳಲ್ಲಿ ಈ ನಾಯಿಯದೂ ಒಂದು. ವಿಲ್ಟನ್ ಡೆಜ್ ಎಂಬವನ ಮೊಕದ್ದಮೆಯಲ್ಲಿಯೂ ಹಾಗೆಯೇ. ಡಿ.ಎನ್.ಎ. ಪರೀಕ್ಷೆಯಿಂದ ಇಬ್ಬರೂ ನಿರಪರಾಧಿಗಳೆಂದು ಗೊತ್ತಾಗುವ ಹೊತ್ತಿಗೆ ಡೆಜ್ 22 ವರ್ಷ, ಡಿಲನ್ 27 ವರ್ಷ ಸೆರೆಮನೆಯಲ್ಲಿ ಕಳೆದಿದ್ದರು. ಟೆಕ್ಸಾಸಿನಲ್ಲಿಯೂ ಹೀಗೆ ನಾಯಿಯ ಮೂಗನ್ನು ನಂಬಿ ಶಿಕ್ಷೆ ವಿಧಿಸಿದ ಮೇಲೆ, ಬರಿಯ ವಾಸನೆಯ ಗುರುತು ಶಿಕ್ಷೆಗೆ ಸಾಲದೆಂದು ಅಲ್ಲಿಯ ಉನ್ನತ ನ್ಯಾಯಾಲಯ 2010ರಲ್ಲಿ ಹೇಳಬೇಕಾಯಿತು.

ಇದಕ್ಕಿಂತಲೂ ಕಣ್ಣು ತೆರೆಸುವುದು ಕ್ಯಾಲಿಫೋರ್ನಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆ. ಮಾದಕವಸ್ತು, ಸಿಡಿಮದ್ದುಗಳನ್ನು ಹುಡುಕಲು ಪಳಗಿದ 18 ನಾಯಿಗಳನ್ನು ಅವುಗಳ ಒಡನಾಡಿ ಪೋಲೀಸರೊಂದಿಗೆ ಕೆಲವು ಕೋಣೆಗಳಲ್ಲಿ ಓಡಾಡಿಸಿದರು. ಅಲ್ಲಲ್ಲಿ ಕೆಂಪು ಕಾಗದ ಅಂಟಿಸಿದ ಕಡೆ ವಸ್ತು ಇದೆಯೆಂದು ಪೋಲೀಸರಿಗೆ ಮೊದಲೇ ಹೇಳಿದ್ದರು. ನಿಜವಾಗಿ ಯಾವ ಕೋಣೆಯಲ್ಲಿಯೂ ಏನೂ ಇರಲಿಲ್ಲ. ಒಟ್ಟು 144 ಸಲ ಹುಡುಕಿದರು. 'ಏನೂ ಇಲ್ಲ' ಎಂಬ ಸರಿಯುತ್ತರ ಬಂದದ್ದು 21 ಸಲ ಮಾತ್ರ. ಮಿಕ್ಕ 123 ಸಲ ಒಂದಲ್ಲ ಒಂದು ಕಡೆ ನಾಯಿ ಗುರುತು ತೋರಿಸಿತೆಂದು ಒಡನಾಡಿಗಳು ವರದಿ ಕೊಟ್ಟರು. ಕೆಂಪು ಕಾಗದವಿದ್ದ ಕಡೆಯಂತೂ ಹೆಚ್ಚಾಗಿ. ಇದರಲ್ಲಿ ಮೋಸವಿಲ್ಲ. ಮನುಷ್ಯನ ಮನಸ್ಸಿನಲ್ಲಿದ್ದದ್ದು ಹಗ್ಗದ ಮೂಲಕ ನಾಯಿಗೆ ಇಳಿದಿರಬೇಕು. ಇಲ್ಲವೆ ನಾಯಿ ಮಾಡದ್ದನ್ನು ಮನುಷ್ಯ ಕಂಡಿರಬೇಕು. ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ದೇಶವೇ ಬೆರಗಾಗಿತ್ತು. ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುವುದಿಲ್ಲ, ಅದು ಕೇಳುವವನ ಮುಖಚರ್ಯೆಯನ್ನು ನೋಡಿ ಗೊರಸು ನಿಲ್ಲಿಸುತ್ತದೆ ಎಂದು ಫಂಗ್‌ಸ್ಟ್ ಎಂಬ ವಿದ್ವಾಂಸ 1907ರಲ್ಲಿ ತೋರಿಸಿಕೊಟ್ಟ. ಈಗ ನಮ್ಮ ಬೀದಿಯನ್ನು ನೆನೆಯಿರಿ. "ಮನೆಗೆಲಸದವಳ ಮೇಲೆ ನಮಗೆ ಗುಮಾನಿ" ಎಂದು ಮನೆಯವರು ಮೊದಲೇ ಹೇಳಿರುತ್ತಾರೆ. ನೂರು ಜನ ಹಿಂದೆ ಓಡುತ್ತಿರುತ್ತಾರೆ. ಅವರ ಕಣ್ಣೆಲ್ಲ ಬಡವರ ಸಾಲಿನ ಕಡೆಗೇ ಇರುತ್ತದೆ. ನಮ್ಮ ಬೀದಿಯಲ್ಲಿ ಕೆಂಪು ಕಾಗದ ಅಂಟಿಸಬೇಕಾದದ್ದೇ ಇಲ್ಲ.

ಹಾಗಾದರೆ ನಾಯಿ ಬೇಡವೆ? ಬೇಕು, ಖಂಡಿತ ಬೇಕು. ದಾವಣಗೆರೆಯ ತುಂಗಾ ಎಂಬ ಡಾಬರ್‌ಮನ್ ನಾಯಿಯ ಹೆಸರನ್ನು ಓದುಗರು ಕೇಳಿರಬಹುದು. 2020ರ ಜುಲೈನಲ್ಲಿ ಕೊಲೆಯಾದ ಸ್ಥಳದಿಂದ ಸುಮಾರು 12 ಕಿಲೋಮೀಟರು ಓಡಿ ಅದು ಪೋಲೀಸರಿಗೆ ಸುಳಿವು ಕೊಟ್ಟಿತು. ಅಂಥ ಪ್ರಾಣಿಗೆ ಹಾರ ಹಾಕಿ ಮೆರೆಸಿದರೆ ನಾನೂ ಕೈತಟ್ಟುತ್ತೇನೆ. ಆದರೆ ಸುಳಿವು ತನಿಖೆಯ ಮೊದಲ ಹೆಜ್ಜೆ. ನಾಯಿ ನಿಂತಲ್ಲಿಂದ ಪೋಲೀಸರ ಕೆಲಸ ಶುರುವಾಗುತ್ತದೆ: ಕೇಳಬೇಕು, ಹುಡುಕಬೇಕು, ಆಯುಧವನ್ನೋ ಒಡವೆಯನ್ನೋ ಬೆರಳಚ್ಚನ್ನೋ ಎದುರಿಗಿಟ್ಟು ರುಜುವಾತು ಮಾಡಬೇಕು. ನಾಯಿ ನಿಂತಲ್ಲಿಯೇ ಕೆಲಸ ಮುಗಿಯಿತೆಂದುಕೊಂಡರೆ ನಾಯಿಯ ಶ್ರಮಕ್ಕೂ ಅವಮಾನ. ಸಿಡಿಮದ್ದು ಹುಡುಕುವ ನಾಯಿಯ ವಿಷಯ ಬೇರೆ. ಅದು ತೋರಿಸಿದ ಚೀಲವನ್ನು ತೆರೆದರೆ ಮದ್ದು ಇದೆಯೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ. ಜಾಡು ಹಿಡಿಯುವ ನಾಯಿ ತೋರಿಸುವುದು ಒಂದು ಹೊಸ್ತಿಲನ್ನು. ಹೊಸ್ತಿಲನ್ನು ತೆರೆದು ನೋಡಿದರೆ ಅಪರಾಧ ಕಾಣುವುದಿಲ್ಲ.

ಪೋಲೀಸು ಕೆಲಸಕ್ಕೆ ನಾಯಿಗಳನ್ನು ಕ್ರಮವಾಗಿ ಪಳಗಿಸುವ ಪದ್ಧತಿ 1899ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಆರಂಭವಾಯಿತೆನ್ನುತ್ತಾರೆ. ಅಲ್ಲಿ ಅವು ರಾತ್ರಿ ಗಸ್ತು ತಿರುಗುವ ಪೇದೆಯ ಜೊತೆಗಾರರು. ಆದರೆ ನಾಯಿಗೆ ಗೌರವ ಕೊಡುವುದನ್ನು ನಾವು ಬೆಲ್ಜಿಯಂನಿಂದ ಕಲಿಯಬೇಕಾಗಿಲ್ಲ. ಹತ್ತನೆಯ ಶತಮಾನದ ಆತಕೂರಿನ ಶಾಸನ ಕನ್ನಡ ಓದಿದವರಿಗೆಲ್ಲ ಗೊತ್ತು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದ ಯುದ್ಧದ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು, ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟಲಿ ಎಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಹಿರಿಯರು ನಾಯಿಯ ಕೆಲಸಕ್ಕೆ ಕಲ್ಲು ನಿಲ್ಲಿಸಿದರು. ಅದನ್ನು ನ್ಯಾಯಪೀಠದಲ್ಲಿ ಕೂರಿಸಲಿಲ್ಲ. ನ್ಯಾಯಕ್ಕೆ ಅವರು ಬೇರೆ ಉಪಾಯಗಳನ್ನು ನಂಬಿದ್ದರು. ಕಾದ ಗುಳವನ್ನು ಕೈಯಲ್ಲಿ ಹಿಡಿಸುವ ಫಲದಿವ್ಯದಂಥವನ್ನು. ಅಂಥ ದಿವ್ಯಗಳ ಸುದ್ದಿ ಓದಿ ಇಂದು ನಾವು ಮರುಗುತ್ತೇವೆ. ಕೈ ಸುಟ್ಟರೆ ಅಪರಾಧಿ ಎನ್ನುವುದಕ್ಕೂ ನಾಯಿ ಕುಳಿತರೆ ಅಪರಾಧಿ ಎನ್ನುವುದಕ್ಕೂ ನನಗೆ ಬಹಳ ಅಂತರ ಕಾಣುವುದಿಲ್ಲ. ನಾವು ದಿವ್ಯವನ್ನು ಬಿಟ್ಟಿಲ್ಲ, ಅಂಜನವನ್ನೂ ಬಿಟ್ಟಿಲ್ಲ. ಅವಕ್ಕೆ ನಾಲ್ಕು ಕಾಲು, ಒಂದು ಬಾಲ ಹಚ್ಚಿ, ವಿಜ್ಞಾನವೆಂದು ಹೆಸರಿಟ್ಟಿದ್ದೇವೆ.

ದೂರಿ ಸುಮ್ಮನಾದರೆ ಸಾಲದು, ಆಗಬೇಕಾದದ್ದನ್ನೂ ಹೇಳಬೇಕು. ನಾನು ಕೇಳುವುದೇನೂ ದೊಡ್ಡದಲ್ಲ. ಕಳವಾದ ಮನೆಯನ್ನು ನಾಯಿ ಬರುವ ತನಕ ಮುಚ್ಚಿಡಬೇಕು. ನೋಡಬಂದವರನ್ನು ಬೀದಿಯಲ್ಲೇ ತಡೆಯಬೇಕು. ಇದಕ್ಕೆ ಒಬ್ಬ ಪೇದೆ, ಒಂದು ಹಗ್ಗ ಸಾಕು. ಮನೆಯವರ ಗುಮಾನಿಯನ್ನು ನಾಯಿ ಹಿಡಿದವನ ಕಿವಿಗೆ ಹಾಕಬಾರದು. ಆ ಮನೆಗೆ ದಿನವೂ ಬಂದು ಹೋಗುವವರು ಯಾರು ಯಾರು ಎಂಬುದನ್ನು ಬೇರೊಬ್ಬ ಅಧಿಕಾರಿ ಮೊದಲೇ ಬರೆದಿಟ್ಟುಕೊಂಡು, ನಾಯಿಯ ದಾರಿಯನ್ನು ಅದರೊಂದಿಗೆ ಹೋಲಿಸಿ ನೋಡಬೇಕು. ನಾಯಿ ಗೆದ್ದ ಸಲಗಳನ್ನು ಮಾತ್ರವಲ್ಲದೆ ಸೋತ ಸಲಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಪದಕದ ಹಿಂದೆ ಈ ಲೆಕ್ಕವಿಲ್ಲದಿದ್ದರೆ ನಾಯಿಯ ನಿಜವಾದ ಬೆಲೆ ಸರ್ಕಾರಕ್ಕೂ ತಿಳಿಯುವುದಿಲ್ಲ. ಜಿಲ್ಲೆಗೆ ಬೆರಳೆಣಿಕೆಯ ನಾಯಿಗಳನ್ನಿಟ್ಟು, ಅವನ್ನೇ ಬಿಸಿಲಿನಲ್ಲಿ ಊರಿಂದೂರಿಗೆ ಓಡಿಸುವ ಬದಲು, ತಂಪು ಹೊತ್ತಿನಲ್ಲಿ ಸ್ಥಳ ಮುಟ್ಟುವಷ್ಟು ನಾಯಿಗಳನ್ನೂ ಆಳುಗಳನ್ನೂ ಕೊಡಬೇಕು.

ಕೊನೆಯದು ಪತ್ರಿಕೆಗಳಿಗೆ, ಈ ಮಾತನ್ನು ಅಚ್ಚುಹಾಕುತ್ತಿರುವ ಪತ್ರಿಕೆಯೂ ಸೇರಿದಂತೆ. ನಾಯಿ ಯಾವ ಓಣಿಗೆ ಹೋಯಿತು, ಯಾರ ಮನೆಯ ಮುಂದೆ ನಿಂತಿತು ಎಂಬುದನ್ನು ಮರುದಿನವೇ ಅಚ್ಚುಹಾಕುವ ಅಗತ್ಯವೇನು? ನಮ್ಮ ಸಣ್ಣ ಊರುಗಳಲ್ಲಿ ಹೆಸರು ಹಾಕದೆ ಓಣಿಯನ್ನಷ್ಟೇ ಹೇಳಿದರೂ ಹೆಸರು ಹಾಕಿದಂತೆಯೇ. ನಾಯಿ ಕುಳಿತ ಸುದ್ದಿಯನ್ನು ನಾನು ಮೂರು ಕಡೆ ಓದಿದೆ. ಸರ ಬೇರೆಯವನಲ್ಲಿ ಸಿಕ್ಕಿದ ಸುದ್ದಿ ಒಂದು ಕಡೆ ನಾಲ್ಕು ಸಾಲು ಬಂತು. ಅದರಲ್ಲಿ ಆ ಹೆಂಗಸಿನ ಮಾತೇ ಇರಲಿಲ್ಲ.

ನಮ್ಮ ಪುರಾಣಗಳ ಮೊದಲ ಪತ್ತೇದಾರಿ ನಾಯಿ ಸರಮೆ. ಪಣಿಗಳು ಅಡಗಿಸಿಟ್ಟ ಹಸುಗಳ ಜಾಡು ಹಿಡಿದು ಹೊರಟವಳು ಅವಳೇ ಎಂದು ಋಗ್ವೇದ ಹೇಳುತ್ತದೆ. ಅದೇ ಸರಮೆಯ ಇನ್ನೊಂದು ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಜನಮೇಜಯನ ಯಾಗಶಾಲೆಯ ಹತ್ತಿರ ಬಂದ ಅವಳ ಮರಿಯನ್ನು ರಾಜನ ತಮ್ಮಂದಿರು ಹೊಡೆದು ಓಡಿಸಿದರು. ಮರಿ ಅಳುತ್ತಾ ತಾಯಿಯ ಹತ್ತಿರ ಹೋಯಿತು. ಹವಿಸ್ಸನ್ನು ಅದು ನೆಕ್ಕಿರಲಿಲ್ಲ. ಅದರ ಕಡೆ ನೋಡಿಯೂ ಇರಲಿಲ್ಲ. ಸರಮೆ ಯಾಗಶಾಲೆಗೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು. ರಾಜಕುಮಾರರು ಉತ್ತರ ಕೊಡಲಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಅವಳು ಹೊರಟುಹೋದಳು.

ನಮ್ಮ ಮೆಟ್ಟಿಲ ಹತ್ತಿರ ನಿಂತಿದ್ದ ಹೆಂಗಸು ಶಾಪ ಹಾಕಲಿಲ್ಲ. ಒಂದು ಪ್ರಶ್ನೆ ಕೇಳಿ, ಉತ್ತರ ಬರದಿದ್ದಾಗ, ಸೆರಗು ಹೊದ್ದುಕೊಂಡು ನಡೆದುಹೋದಳು. ಆ ಪ್ರಶ್ನೆಗೆ ನಾಯಿ ಉತ್ತರ ಹೇಳಬೇಕಾಗಿಲ್ಲ. ನಾವು ನಾಲ್ಕು ಮನೆಯವರು ಹೇಳಬೇಕಾಗಿತ್ತು. ನಾನು ಇಷ್ಟು ತಡವಾಗಿ ಹೇಳುತ್ತಿದ್ದೇನೆ.